ಟೂರಿಂಗ್ ಕಾರ್ ರೇಸ್‌ಗೆ ಇನ್ನಷ್ಟು ಥರದ ಕಾರು ಬೇಕಾ? ಲೋಗೋ ಎಣಿಸೋದು ಬಿಟ್ಟು ಹೀಗೆ ನೋಡಿ

ದಾವಣಗೆರೆಯಲ್ಲಿ ಕಾರ್ ರೇಸ್ ನೋಡೋರು ಇದ್ದಾರಾ ಅಂತ ಕೇಳುವವರಿಗೆ ಒಂದು ಭಾನುವಾರ ಸಂಜೆ ಹಳೇ ಪಿ.ಬಿ. ರಸ್ತೆ ಕಡೆ ಬನ್ನಿ ಅನ್ನುತ್ತೇನೆ. ಗ್ಯಾರೇಜ್ ಶೆಟರ್ ಅರ್ಧ ಎಳೆದು, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದು, ಒಂದು ಲ್ಯಾಪ್‌ಟಾಪ್ ಮುಂದೆ ಹುಡುಗರು ಗುಂಪಾಗಿ ಕೂತಿರುತ್ತಾರೆ. ಅಲ್ಲಿ ಪ್ರತಿ ಸಲ ಒಂದೇ ಜಗಳ. "ಅಣ್ಣ, ಬರೀ ನಾಲ್ಕೈದು ಥರದ ಕಾರೇ ಓಡ್ತವೆ, ಇದ್ರಾಗೆ ಮಜಾ ಏನೈತಿ?" ಅಂತ ಒಬ್ಬ. "ಕಾರು ಯಾವುದಾದ್ರೇನಲೇ, ಓಟ ಟೈಟ್ ಇದ್ರೆ ಸಾಕು" ಅಂತ ಇನ್ನೊಬ್ಬ. ರೇಸ್ ಮುಗಿದರೂ ಜಗಳ ಮುಗಿಯುವುದಿಲ್ಲ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಬೇರೆ ಬೇರೆ ಕಾರು ಖಂಡಿತ ಬೇಕು. ಆದರೆ ಗ್ರಿಡ್‌ನಲ್ಲಿ, ಅಂದರೆ ರೇಸ್‌ಗೆ ಸಾಲಾಗಿ ನಿಂತ ಕಾರುಗಳಲ್ಲಿ, ಎಷ್ಟು ಕಂಪನಿಯ ಲೋಗೋ ಇದೆ ಅನ್ನುವ ಲೆಕ್ಕದಿಂದ ಏನೂ ಗೊತ್ತಾಗುವುದಿಲ್ಲ. ನೋಡಬೇಕಾದ್ದು ಎರಡು. ಒಂದು ಕಾರು ಒಂದು ತಿರುವಿನಲ್ಲಿ ಗಟ್ಟಿ, ಇನ್ನೊಂದು ಕಾರು ಇನ್ನೊಂದು ಕಡೆ ಗಟ್ಟಿ ಅನ್ನುವ ಹಾಗೆ ಓಡುತ್ತವಾ? ಮತ್ತೆ, ಕಂಪನಿ ದುಡ್ಡು ಕೊಡೋದು ನಿಲ್ಲಿಸಿದ ಮೇಲೂ ಆ ಕಾರು ಟ್ರ್ಯಾಕ್ ಮೇಲೆ ಉಳಿಯುತ್ತಾ? ಇವೆರಡನ್ನೂ ಮನೆಯಲ್ಲೇ ಕೂತು, ಒಂದು ನೋಟ್‌ಬುಕ್ ಇಟ್ಟುಕೊಂಡು ಪರೀಕ್ಷೆ ಮಾಡಬಹುದು. ಹೇಗೆ ಅಂತ ಹೇಳುತ್ತೇನೆ.

ಹೊಸಬರಿಗೆ ಒಂದು ಮಾತು. ಟೂರಿಂಗ್ ಕಾರ್ ಅಂದರೆ ರಸ್ತೆ ಮೇಲೆ ಓಡುವ ಸೆಡಾನ್, ಹ್ಯಾಚ್‌ಬ್ಯಾಕ್ ಕಾರುಗಳನ್ನೇ ರೇಸ್‌ಗೆ ಸಜ್ಜು ಮಾಡಿ ಓಡಿಸೋದು. ಫಾರ್ಮುಲಾ ಒನ್ ಥರ ಚಕ್ರ ಹೊರಗೆ ಇರುವುದಿಲ್ಲ, ಹಾಗಾಗಿ ಬಾಗಿಲಿಗೆ ಬಾಗಿಲು ಉಜ್ಜಿಕೊಂಡು, ಬಂಪರ್ ತಾಗಿಸಿಕೊಂಡು ಓಡುತ್ತವೆ. ಇದರಲ್ಲಿ ತುಂಬಾ ಹಳೆಯ, ಹೆಸರುವಾಸಿ ಸರಣಿ ಬ್ರಿಟನ್ನಿನ ಬಿಟಿಸಿಸಿ. 1958ರಲ್ಲಿ ಶುರುವಾಗಿದ್ದು. ಜಗತ್ತಿನ ಹಲವು ದೇಶಗಳಲ್ಲಿ ಈಗ ಓಡುವ ಇನ್ನೊಂದು ನಿಯಮದ ಹೆಸರು ಟಿಸಿಆರ್. ನಾನು ಜಾಸ್ತಿ ಉದಾಹರಣೆ ಕೊಡೋದು ಇವೆರಡರಿಂದಲೇ.

ಮೊದಲು ಪಟ್ಟಿ ಬರೆದುಕೊಳ್ಳಿ

ಸೀಸನ್ ಶುರುವಾಗುವ ಮುಂಚೆ ಎಂಟ್ರಿ ಲಿಸ್ಟ್, ಅಂದರೆ ಯಾರು ಯಾವ ಕಾರು ಓಡಿಸುತ್ತಾರೆ ಅನ್ನುವ ಪಟ್ಟಿ, ಸಿಗುತ್ತದೆ. ಅದನ್ನು ನೋಡಿ ನೋಟ್‌ಬುಕ್‌ನಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಕಾರಿನ ಮಾಡೆಲ್. ಎರಡನೆಯದರಲ್ಲಿ ಎಳೆಯುವ ಚಕ್ರ ಮುಂದಿನದಾ, ಹಿಂದಿನದಾ. ಮೂರನೆಯದು ತುಂಬಾ ಮುಖ್ಯ: ಆ ಕಾರು ಕಟ್ಟಿದ್ದು ಯಾರು, ಕಂಪನಿಯೋ, ಸ್ವತಂತ್ರ ತಂಡವೋ. ಡ್ರೈವರ್ ಹೆಸರು ಆಮೇಲೆ ಬರೆಯಿರಿ. ಇಲ್ಲದಿದ್ದರೆ ನಿಮ್ಮ ಅಭಿಮಾನ ಲೆಕ್ಕದೊಳಗೆ ನುಸುಳುತ್ತದೆ.

ಬಿಟಿಸಿಸಿಯ ಇತ್ತೀಚಿನ ವರ್ಷಗಳ ಪಟ್ಟಿ ಹಾಕಿದರೆ ಬಿಎಂಡಬ್ಲ್ಯು 3 ಸೀರೀಸ್, ಟೊಯೋಟಾ ಕೊರೊಲಾ, ಹ್ಯುಂಡೈ ಐ30, ಫೋರ್ಡ್ ಫೋಕಸ್, ಕುಪ್ರಾ ಲಿಯೋನ್ ಸಿಗುತ್ತವೆ. ಎರಡನೇ ಕಾಲಂ ತುಂಬಿದ ತಕ್ಷಣ ಗಮನಿಸಿ, ಬಿಎಂಡಬ್ಲ್ಯು ಒಂದೇ ಹಿಂಚಕ್ರದ ಗಾಡಿ. ಉಳಿದದ್ದೆಲ್ಲ ಮುಂಚಕ್ರದ್ದು. ಲೋಗೋ ಲೆಕ್ಕದಲ್ಲಿ ಐದು ಥರ, ಕಾರಿನ ಗುಣದ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡೇ ಥರ. ಟಿಸಿಆರ್‌ನಲ್ಲಂತೂ ಆಡಿ, ಹೋಂಡಾ, ಹ್ಯುಂಡೈ, ಕುಪ್ರಾ, ಲಿಂಕ್ ಅಂಡ್ ಕೊ ಅಂತ ಎಷ್ಟೇ ಹೆಸರು ಬಂದರೂ ನಿಯಮವೇ ಎಲ್ಲವನ್ನೂ ಮುಂಚಕ್ರದ, 2 ಲೀಟರ್‌ವರೆಗಿನ ಟರ್ಬೊ ಎಂಜಿನ್ನಿನ ಗಾಡಿ ಮಾಡಿಬಿಟ್ಟಿದೆ.

ಕೆಳಗೆ ಇಣುಕಿ ನೋಡೋದು ಕಲಿಯಿರಿ

ಇದಕ್ಕೆ ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಿಮಗೆ ಪರಿಚಯದ ಗ್ಯಾರೇಜ್ ಇದ್ದರೆ, ಸ್ವಿಫ್ಟ್ ಒಂದು, ಪೋಲೊ ಒಂದು ರ‍್ಯಾಂಪ್ ಮೇಲೆ ಏರಿದಾಗ ಮೇಸ್ತ್ರಿಯನ್ನು ಕೇಳಿ ಕೆಳಗೆ ನಿಂತು ನೋಡಿ. ಎರಡರಲ್ಲೂ ಎಂಜಿನ್ ಅಡ್ಡಡ್ಡ ಕೂತಿರುತ್ತದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗೆ ಇರುವ ಕಂಬ. ಹಿಂದೆ ಎರಡು ಚಕ್ರವನ್ನೂ ಸೇರಿಸುವ ಟಾರ್ಷನ್ ಬೀಮ್. ಡ್ರೈವ್ ಶಾಫ್ಟ್ ಹೋಗುವುದು ಮುಂಚಕ್ರಕ್ಕೆ. ಒಂದು ಜಪಾನಿನ ಮೂಲದ್ದು, ಇನ್ನೊಂದು ಜರ್ಮನಿಯದ್ದು, ಆದರೆ ಕೆಳಗಿಂದ ನೋಡಿದರೆ ಅಣ್ಣತಮ್ಮ. ಈಗ ಪಕ್ಕದಲ್ಲಿ ನಿಂತ ಬೊಲೆರೊ ಕೆಳಗೆ ಬಗ್ಗಿ. ಎಂಜಿನ್ ಉದ್ದಕ್ಕೆ ಕೂತಿದೆ, ನಡುವೆ ಪ್ರೊಪೆಲ್ಲರ್ ಶಾಫ್ಟ್ ಓಡಿದೆ, ಹಿಂದೆ ದಪ್ಪನೆಯ ಹೌಸಿಂಗ್. ಅದು ನಿಜವಾಗಿಯೂ ಬೇರೆ ಜಾತಿಯ ಗಾಡಿ. ಬ್ರೇಕ್ ಹಾಕಿದಾಗ, ತಿರುಗಿಸಿದಾಗ, ಲೋಡ್ ಹಾಕಿದಾಗ ಅದರ ನಡವಳಿಕೆಯೇ ಬೇರೆ ಅಂತ ಓಡಿಸಿದವರಿಗೆ ಗೊತ್ತು.

ಈ ಕಣ್ಣು ಇಟ್ಟುಕೊಂಡು ಬಿಟಿಸಿಸಿ ನೋಡಿ. 2011ರಿಂದ ಅಲ್ಲಿ ಎನ್‌ಜಿಟಿಸಿ ಅನ್ನುವ ನಿಯಮ ಬಂತು. ಕಾರಿನ ಮೈ, ಅಂದರೆ ಬಾಡಿ ಶೆಲ್, ಶೋರೂಮ್ ಕಾರಿನದೇ. ಆದರೆ ಮುಂದಿನ ಮತ್ತು ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್ ಕೂರಿಸುವ ಚೌಕಟ್ಟು), ಸಸ್ಪೆನ್ಷನ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲ ಎಲ್ಲರಿಗೂ ಒಂದೇ ಕಡೆಯಿಂದ ಬರುವ ಸಾಮಾನ್ಯ ಭಾಗ. ಎಂಜಿನ್ 2 ಲೀಟರ್ ಟರ್ಬೊ. ಸ್ವಂತ ಎಂಜಿನ್ ತಯಾರಿಸುವ ಶಕ್ತಿ ಇಲ್ಲದ ತಂಡ, ಸಂಘಟಕರು ಕೊಡುವ ಎಂಜಿನ್ನನ್ನು ಬಾಡಿಗೆಗೆ ತಗೊಂಡು ಕೂರಿಸಬಹುದು.

ಇದನ್ನು ಕೇಳಿದ ತಕ್ಷಣ "ಹಾಗಾದ್ರೆ ಎಲ್ಲ ಒಂದೇ ಕಾರು, ಸ್ಟಿಕ್ಕರ್ ಬೇರೆ ಅಷ್ಟೇ" ಅನ್ನುವವರಿದ್ದಾರೆ. ಅರ್ಧ ಮಾತ್ರ ಸರಿ. ಚಕ್ರದಿಂದ ಚಕ್ರಕ್ಕೆ ಇರುವ ಉದ್ದ ಬೇರೆ. ಗಾಳಿ ಸೀಳುವ ರೀತಿ ಬೇರೆ. ತೂಕ ಎಲ್ಲಿ ಕೂತಿದೆ ಅನ್ನೋದು ಬೇರೆ. ಎಳೆಯುವ ಚಕ್ರ ಬೇರೆ. ಇಷ್ಟರಲ್ಲೇ ಸಾಕಷ್ಟು ವ್ಯತ್ಯಾಸ ಹುಟ್ಟುತ್ತದೆ, ಅದನ್ನು ಹಿಡಿಯಲು ರೇಸ್ ನೋಡುವ ಕ್ರಮ ಸ್ವಲ್ಪ ಬದಲಾಯಿಸಬೇಕು, ಅಷ್ಟೇ.

ರೇಸ್ ನೋಡುವಾಗ ಏನು ಬರೆದುಕೊಳ್ಳಬೇಕು

ಬಿಟಿಸಿಸಿಯಲ್ಲಿ ಒಂದೇ ಭಾನುವಾರ ಮೂರು ರೇಸ್. ನಮ್ಮ ಗಡಿಯಾರದಲ್ಲಿ ಸಂಜೆ ಶುರುವಾಗಿ ರಾತ್ರಿ ತನಕ ಎಳೆಯುತ್ತದೆ. ಒಂದೊಂದೂ ಚಿಕ್ಕ ರೇಸ್, ಬೇಜಾರಾಗುವುದಿಲ್ಲ. ಮೂರನೆಯದರಲ್ಲಿ ಮುಂದಿದ್ದವರಲ್ಲಿ ಕೆಲವರನ್ನು ಹಿಂದುಮುಂದು ಮಾಡಿ ನಿಲ್ಲಿಸುತ್ತಾರೆ. ಹಾಗಾಗಿ ವೇಗದ ಕಾರು ಹಿಂದಿನಿಂದ ದಾಟಿಕೊಂಡು ಬರಲೇಬೇಕು. ನಮ್ಮ ಪರೀಕ್ಷೆಗೆ ಅದೇ ಚಿನ್ನದಂಥ ಸಮಯ.

ಮೊದಲು ಸ್ಟಾರ್ಟ್ ಮಾತ್ರ ನೋಡಿ. ನಿಂತ ಕಾರು ಜಿಗಿದಾಗ ತೂಕ ಹಿಂದಕ್ಕೆ ಸರಿಯುತ್ತದೆ. ಹಿಂಚಕ್ರದ ಗಾಡಿಗೆ ಹಿಡಿತ ಸಿಗುತ್ತದೆ, ಮುಂಚಕ್ರದ ಗಾಡಿಯ ಚಕ್ರ ತಿರುಗಿ ಹೊಗೆ ಬರುತ್ತದೆ. ಬಿಎಂಡಬ್ಲ್ಯು ಎಷ್ಟನೇ ಜಾಗದಿಂದ ಹೊರಟು, ಮೊದಲ ತಿರುವಿನಲ್ಲಿ ಎಷ್ಟನೇ ಜಾಗದಲ್ಲಿದೆ ಅಂತ ಎರಡು ಅಂಕಿ ಬರೆಯಿರಿ. ಇಷ್ಟೇ. ಕೆಲವು ರೇಸ್ ಆಗುವಷ್ಟರಲ್ಲಿ ಚಿತ್ರ ತಾನಾಗಿ ಕಾಣುತ್ತದೆ.

ಆಮೇಲೆ ಓವರ್‌ಟೇಕ್. ಯಾರು ಯಾರನ್ನು ದಾಟಿದರು ಅನ್ನುವುದಕ್ಕಿಂತ ಯಾವ ಕಾರು ಯಾವ ಕಾರನ್ನು, ಯಾವ ತಿರುವಿನಲ್ಲಿ ದಾಟಿತು ಅಂತ ಬರೆಯಿರಿ. ಉದಾಹರಣೆಗೆ "ಐ30, ಫೋಕಸ್ ಮೇಲೆ, ಕೊನೇ ತಿರುವು, ಬ್ರೇಕ್‌ನಲ್ಲಿ" ಅಥವಾ "ಬಿಎಂಡಬ್ಲ್ಯು, ಕೊರೊಲಾ ಮೇಲೆ, ತಿರುವಿಂದ ಹೊರಬರುವಾಗ". ನಿಮ್ಮ ಪುಟದಲ್ಲಿ ಎಲ್ಲ ಕಾರೂ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ದಾಟಿದ್ದರೆ ಹೆಸರು ಎಷ್ಟಿದ್ದರೂ ಅವು ಒಂದೇ ಕಾರು ಅಂತಲೇ ಲೆಕ್ಕ. ಒಂದೊಂದು ಕಾರು ಒಂದೊಂದು ಕಡೆ ದಾಟಿದ್ದರೆ ನಿಮಗೆ ಬೇಕಾದ ವೈವಿಧ್ಯ ಅಲ್ಲಿದೆ.

ಟ್ರ್ಯಾಕ್ ಬದಲಾದಂತೆ ಪುಟ ಬದಲಾಗುತ್ತದಾ ಅಂತಲೂ ನೋಡಿ. ಬ್ರ್ಯಾಂಡ್ಸ್ ಹ್ಯಾಚ್‌ನ ಚಿಕ್ಕ ಸುತ್ತು ಎರಡು ಕಿಲೋಮೀಟರೂ ಇಲ್ಲ, ಏರು ಇಳಿತ ಜಾಸ್ತಿ. ಥ್ರಕ್ಸ್‌ಟನ್ ಅಂದರೆ ಉದ್ದನೆಯ ಬಲ ತಿರುವುಗಳು, ಕಾಲು ಎತ್ತದೆ ಹೋಗುವ ಜಾಗಗಳು. ಅಲ್ಲಿ ಎಡಗಡೆಯ ಟೈರು ಬೆಂದು ಹೋಗುತ್ತದೆ, ಅದರಲ್ಲೂ ಮುಂಚಕ್ರದ ಗಾಡಿಗೆ ಕಷ್ಟ. ಯಾಕೆಂದರೆ ಎಳೆಯುವ ಕೆಲಸವೂ ತಿರುಗಿಸುವ ಕೆಲಸವೂ ಮುಂದಿನ ಟೈರಿನದೇ. ರೇಸ್‌ನ ಕೊನೆಯ ಸುತ್ತುಗಳಲ್ಲಿ ಯಾರ ಮೂತಿ ತಿರುವಿನಲ್ಲಿ ಹೊರಗೆ ಜಾರುತ್ತಿದೆ ಅಂತ ಗಮನಿಸಿ. ಕ್ಯಾಮೆರಾ ಹಿಂದಿನಿಂದ ತೋರಿಸುವಾಗ ಚೆನ್ನಾಗಿ ಕಾಣುತ್ತದೆ: ಸ್ಟಿಯರಿಂಗ್ ಪೂರ್ತಿ ತಿರುಗಿದೆ, ಕಾರು ಮಾತ್ರ ನೇರ ಹೋಗಲು ನೋಡುತ್ತಿದೆ.

ಇನ್ನೂ ಖಚಿತ ಬೇಕು ಅನ್ನುವವರಿಗೆ ಸೆಕ್ಟರ್ ಟೈಮ್ ಇದೆ. ಒಂದು ಸುತ್ತನ್ನು ಮೂರು ತುಂಡು ಮಾಡಿ ಪ್ರತಿ ತುಂಡಿನ ಸಮಯ ಕೊಡುತ್ತಾರೆ. ಅರ್ಹತಾ ಸುತ್ತಿನ ಹಾಳೆ ತೆಗೆದು, ಪ್ರತಿ ತುಂಡಿನಲ್ಲಿ ಮೊದಲ ಐದು ಕಾರಿನ ಮಾಡೆಲ್ ಬರೆಯಿರಿ. ಮೂರರಲ್ಲೂ ಒಂದೇ ಮಾಡೆಲ್ ಮೇಲಿದ್ದರೆ ನಿಯಮ ಸರಿಯಾಗಿ ತೂಗಿಲ್ಲ. ಒಂದೊಂದು ತುಂಡಿನಲ್ಲಿ ಒಂದೊಂದು ಕಾರು ಮೇಲೆ, ಒಟ್ಟು ಸಮಯದಲ್ಲಿ ಮಾತ್ರ ಕೂದಲೆಳೆ ಅಂತರ ಅಂದರೆ ಅದಕ್ಕಿಂತ ಒಳ್ಳೆಯ ಗ್ರಿಡ್ ಇಲ್ಲ.

ಒಂದು ಎಚ್ಚರ. ಡ್ರೈವರ್ ಗೆದ್ದದ್ದನ್ನು ಕಾರಿನ ಖಾತೆಗೆ ಬರೆಯಬೇಡಿ. ಬಿಟಿಸಿಸಿ ಡ್ರೈವರ್ ಆಶ್ ಸಟ್ಟನ್ 2017ರಲ್ಲಿ ಸುಬಾರು ಲೆವೋರ್ಗ್‌ನಲ್ಲಿ, 2020 ಮತ್ತು 2021ರಲ್ಲಿ ಇನ್ಫಿನಿಟಿ ಕ್ಯೂ50ರಲ್ಲಿ, 2023ರಲ್ಲಿ ಫೋಕಸ್‌ನಲ್ಲಿ ಚಾಂಪಿಯನ್ ಆದರು. ಮೊದಲ ಎರಡು ಹಿಂಚಕ್ರದಲ್ಲಿ ಓಡಿದವು, ಕೊನೆಯದು ಮುಂಚಕ್ರದ್ದು. ಅಂಥವರ ಕೈಗೆ ಯಾವ ಕಾರು ಕೊಟ್ಟರೂ ಮುಂದೆ ಬರುತ್ತದೆ. ಅದಕ್ಕೇ ಒಂದೇ ಮಾಡೆಲ್ ಓಡಿಸುವ ಮೂರ್ನಾಲ್ಕು ಜನರನ್ನು ಒಟ್ಟಿಗೆ ನೋಡಿ, ಸಾಧ್ಯವಾದರೆ ಬೇರೆ ಬೇರೆ ತಂಡದವರನ್ನು.

ಚಾಂಪಿಯನ್ ಪಟ್ಟಿಯನ್ನು ಕಾರಿನ ಪಟ್ಟಿಯಾಗಿ ಓದಿ

ಈಗ ಒಂದು ಸೀಸನ್ ಬಿಟ್ಟು ಹಲವು ವರ್ಷ ಒಟ್ಟಿಗೆ ನೋಡಿ. ಬಿಟಿಸಿಸಿಯಲ್ಲಿ 2017ರಿಂದ ಗೆದ್ದ ಕಾರುಗಳು: ಸುಬಾರು ಲೆವೋರ್ಗ್, ಬಿಎಂಡಬ್ಲ್ಯು 125ಐ, ಬಿಎಂಡಬ್ಲ್ಯು 330ಐ, ಎರಡು ವರ್ಷ ಇನ್ಫಿನಿಟಿ, 2022ರಲ್ಲಿ ಹ್ಯುಂಡೈ ಐ30, 2023ರಲ್ಲಿ ಫೋಕಸ್, 2024ರಲ್ಲಿ ಬಿಎಂಡಬ್ಲ್ಯು 330ಇ, 2025ರಲ್ಲಿ ಮತ್ತೆ ಐ30. ನನಗೆ ಇದು ತುಂಬಾ ಆರೋಗ್ಯದ ಪಟ್ಟಿ. ಒಂದೇ ಕಾರು ಮೆರೆದದ್ದಿಲ್ಲ.

ಇದರಲ್ಲಿ ಎರಡು ಹೆಸರನ್ನು ಬಿಡಿಸಿ ನೋಡಬೇಕು. ಲೆವೋರ್ಗ್ ಒಂದು ಎಸ್ಟೇಟ್ ಕಾರು. ಹಿಂದೆ ಉದ್ದನೆಯ ಡಿಕ್ಕಿ ಇರುವ, ಸಂಸಾರಸ್ಥರ ಗಾಡಿ. ಸುಬಾರುವಿನ ಬಾಕ್ಸರ್ ಎಂಜಿನ್‌ನಲ್ಲಿ ಪಿಸ್ಟನ್‌ಗಳು ಅಡ್ಡ ಮಲಗಿಕೊಂಡು ಆಡುತ್ತವೆ, ಹಾಗಾಗಿ ಎಂಜಿನ್ ನೆಲಕ್ಕೆ ಹತ್ತಿರ ಕೂರುತ್ತದೆ. ರೇಸ್‌ನಲ್ಲಿ ಅದನ್ನು ಹಿಂಚಕ್ರದ ಗಾಡಿಯಾಗಿ ಓಡಿಸಿದರು. ನೋಡಿದವರು ಯಾರೂ ಇದನ್ನು ರೇಸ್ ಕಾರು ಅನ್ನುತ್ತಿರಲಿಲ್ಲ, ಅದು ಚಾಂಪಿಯನ್ ಆಯಿತು. ಇನ್ಫಿನಿಟಿ ಕಥೆ ಇನ್ನೂ ಮುಖ್ಯ. ಆ ಕಂಪನಿ 2020ರ ಹೊತ್ತಿಗೆ ಪಶ್ಚಿಮ ಯೂರೋಪಿನಿಂದಲೇ ಅಂಗಡಿ ಮುಚ್ಚಿಕೊಂಡು ಹೋಯಿತು. ಶೋರೂಮಿನಲ್ಲಿ ಮಾರಾಟಕ್ಕೇ ಇಲ್ಲದ ಕಾರು ಅದೇ 2020ರಲ್ಲಿ ಮತ್ತು ಮರುವರ್ಷ ಬಿಟಿಸಿಸಿ ಗೆದ್ದಿತು. ಸ್ವತಂತ್ರ ತಂಡದ ಹತ್ತಿರ ಶೆಲ್ ಇತ್ತು, ಎಲ್ಲರಿಗೂ ಸಾಮಾನ್ಯವಾದ ಭಾಗಗಳು ಕೈಗೆ ಸಿಗುತ್ತಿದ್ದವು, ಎಂಜಿನ್ ಬಾಡಿಗೆಗೆ ಸಿಗುತ್ತಿತ್ತು. ಇಷ್ಟೇ ಸಾಕಾಯಿತು. ಆಗಲೇ ಹೇಳಿದ ಮೂರನೇ ಕಾಲಂ ಯಾಕೆ ಮುಖ್ಯ ಅಂತ ಈಗ ಗೊತ್ತಾಯಿತಲ್ವಾ?

ಕಂಪನಿ ಹೋದರೆ ಏನಾಗುತ್ತೆ ಅಂತ ಕೇಳಿ

ಹಳಬರು ತೊಂಬತ್ತರ ದಶಕದ ಬಿಟಿಸಿಸಿ ಅಂದರೆ ಕಣ್ಣರಳಿಸುತ್ತಾರೆ. ಸುಮ್ನೆ ಅಲ್ಲ. 1994ರ ಗ್ರಿಡ್‌ನಲ್ಲಿ ಆಲ್ಫಾ ರೋಮಿಯೊ, ಬಿಎಂಡಬ್ಲ್ಯು, ಫೋರ್ಡ್, ಮಾಜ್ದಾ, ನಿಸಾನ್, ಪಿಜೊ, ರೆನೊ, ಟೊಯೋಟಾ, ವಾಕ್ಸ್‌ಹಾಲ್, ವೋಲ್ವೊ ಎಲ್ಲ ಇದ್ದವು. ವೋಲ್ವೊ ಆ ವರ್ಷ 850 ಎಸ್ಟೇಟ್ ಇಳಿಸಿತ್ತು. ರಿಕಾರ್ಡ್ ರೈಡೆಲ್ ಮತ್ತು ಯಾನ್ ಲಾಮರ್ಸ್ ಓಡಿಸಿದರು. ಆಲ್ಫಾ 155ಕ್ಕೆ ಮುಂದೆ ತುಟಿ, ಹಿಂದೆ ರೆಕ್ಕೆ ಕಟ್ಟಿಕೊಂಡು ಬಂದು ಗೇಬ್ರಿಯೆಲೆ ಟಾರ್ಕ್ವಿನಿ ಚಾಂಪಿಯನ್ ಆದರು. ಆ ರೆಕ್ಕೆ ವಿಚಾರಕ್ಕೆ ದೊಡ್ಡ ಜಗಳವೇ ಆಯಿತು. 1996ರಲ್ಲಿ ಆಡಿ ಎ4 ಕ್ವಾಟ್ರೊ ನಾಲ್ಕೂ ಚಕ್ರ ಎಳೆಸಿಕೊಂಡು ಬಂತು, ಫ್ರಾಂಕ್ ಬೀಲಾ ಗೆದ್ದರು. ಅದರ ಮೇಲೆ ಸೀಸನ್ ನಡುವೆಯೇ ತೂಕ ಹೇರಿದರು, ಆಮೇಲೆ ನಾಲ್ಕು ಚಕ್ರದ ಎಳೆತವನ್ನೇ ನಿಷೇಧ ಮಾಡಿದರು.

ಮೂರನೇ ಕಾಲಂ ತುಂಬಿ ನೋಡಿ. ಮುಂದೆ ಓಡುತ್ತಿದ್ದ ಕಾರೆಲ್ಲ ಕಂಪನಿಯ ದುಡ್ಡಿನದ್ದು. ಒಂದನ್ನೊಂದು ಮೀರಿಸಲು ದುಡ್ಡು ಸುರಿದರು, ಖರ್ಚು ಮೇಲೇರಿತು, ಒಬ್ಬೊಬ್ಬರೇ ಎದ್ದು ಹೋದರು. 2000ದ ಹೊತ್ತಿಗೆ ಉಳಿದದ್ದು ಫೋರ್ಡ್, ಹೋಂಡಾ, ವಾಕ್ಸ್‌ಹಾಲ್ ಮೂರೇ. ಮರುವರ್ಷ ಹೊಸ ನಿಯಮ ಬಂದಾಗ ಗ್ರಿಡ್ ಬಣಗುಡುತ್ತಿತ್ತು. ಗೆದ್ದದ್ದು ವಾಕ್ಸ್‌ಹಾಲ್ ಆಸ್ಟ್ರಾ.

ಜರ್ಮನಿಯ ಟೂರಿಂಗ್ ಕಾರ್ ಸರಣಿ ಡಿಟಿಎಂ ಇದನ್ನು ಎರಡೆರಡು ಸಲ ಅನುಭವಿಸಿತು. 1996ರಲ್ಲಿ ಒಮ್ಮೆ ಕುಸಿಯಿತು. 2000ದಲ್ಲಿ ಮತ್ತೆ ಎದ್ದಿತು. ಒಪೆಲ್ 2005ರ ನಂತರ ಹೋಯಿತು, 2006ರಿಂದ 2011ರ ತನಕ ಆಡಿ ಮತ್ತು ಮರ್ಸಿಡಿಸ್ ಎರಡೇ. ಬಿಎಂಡಬ್ಲ್ಯು 2012ರಲ್ಲಿ ಬಂತು, ಮರ್ಸಿಡಿಸ್ 2018ರ ನಂತರ ಹೊರಟಿತು, ಆಡಿ 2020ರ ನಂತರ ಹೊರಟಿತು. 2021ರಲ್ಲಿ ಬೇರೆ ದಾರಿ ಇಲ್ಲದೆ ಜಿಟಿ3 ಕಾರುಗಳನ್ನು, ಅಂದರೆ ರೇಸ್‌ಗೆ ಸಜ್ಜು ಮಾಡಿದ ಸ್ಪೋರ್ಟ್ಸ್ ಕಾರುಗಳನ್ನು, ತಂದರು. ವಿಶ್ವ ಸರಣಿ ಡಬ್ಲ್ಯುಟಿಸಿಸಿಗೆ 2014ರಲ್ಲಿ ಸಿಟ್ರೊಯೆನ್ ಬಂತು. 2014, 2015, 2016 ಮೂರೂ ವರ್ಷ ಹೋಸೆ ಮರಿಯಾ ಲೋಪೆಸ್ ಚಾಂಪಿಯನ್. ಆಮೇಲೆ ಕಂಪನಿ ತಂಡ ಎತ್ತಿಕೊಂಡು ಹೋಯಿತು. 2017ಕ್ಕೆ ಆ ಸರಣಿಯೇ ಮುಗಿಯಿತು.

ಹಾಗಾಗಿ "ಹೊಸ ಕಂಪನಿ ಬರ್ತಿದೆ" ಅನ್ನುವ ಸುದ್ದಿ ಕೇಳಿ ಖುಷಿಪಡುವ ಮುಂಚೆ ಒಂದು ಪ್ರಶ್ನೆ ಕೇಳಿ. ಈ ಕಾರನ್ನು ಬೇರೆಯವರೂ ಕೊಳ್ಳಬಹುದಾ? ಟಿಸಿಆರ್ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ, ಅದನ್ನು ಮೆಚ್ಚಲೇಬೇಕು. ಮಾರ್ಚೆಲ್ಲೊ ಲೊಟ್ಟಿ ಆ ನಿಯಮ ತಂದಾಗ, 2015ರಲ್ಲಿ ಮೊದಲ ಸೀಸನ್, ಕಾರಿಗೆ ಬೆಲೆಯ ಮಿತಿ ಹಾಕಿದರು. ಕಂಪನಿ ಕಾರು ಕಟ್ಟಿ ಮಾರುತ್ತದೆ, ಓಡಿಸುವುದು ಗಿರಾಕಿ ತಂಡ. ಒಂದು ದೇಶದಲ್ಲಿ ಓಡಿಸಿದ ಕಾರನ್ನು ಇನ್ನೊಂದು ದೇಶದ ತಂಡಕ್ಕೆ ಮಾರಬಹುದು, ಅಲ್ಲೂ ಅದು ನಡೆಯುತ್ತದೆ. ಎಲ್ಲವೂ ಮುಂಚಕ್ರದ್ದೇ ಅನ್ನುವ ನನ್ನ ಬೇಸರ ಹಾಗೇ ಇದೆ, ಆದರೆ ಬಾಳಿಕೆ ವಿಚಾರದಲ್ಲಿ ಅದು ಮುಂದಿದೆ.

ಎದುರಿನವರ ಮಾತನ್ನೂ ಕೇಳಿ

"ಎರಡೇ ಕಾರಿದ್ರೂ ಜನ ತುಂಬ್ತಾರೆ" ಅನ್ನುವವರ ಹತ್ತಿರ ಗಟ್ಟಿ ಸಾಕ್ಷಿ ಇದೆ. ಆಸ್ಟ್ರೇಲಿಯಾ. ಅಲ್ಲಿನ ಹೆಸರುವಾಸಿ ಬಾಥರ್ಸ್ಟ್ ರೇಸನ್ನು 1992ರಲ್ಲಿ ನಿಸಾನ್ ಸ್ಕೈಲೈನ್ ಜಿಟಿ-ಆರ್ ಗೆದ್ದಿತು. ಓಡಿಸಿದವರು ಜಿಮ್ ರಿಚರ್ಡ್ಸ್ ಮತ್ತು ಮಾರ್ಕ್ ಸ್ಕೈಫ್. ಮಳೆಯಿಂದ ರೇಸ್ ನಿಂತಿತ್ತು, ನೆರೆದ ಜನ ಗೆದ್ದವರಿಗೇ ಕೂಗಿ ಛೀಮಾರಿ ಹಾಕಿದರು. ನಾಲ್ಕು ಚಕ್ರ ಎಳೆಯುವ, ಜೋಡಿ ಟರ್ಬೊದ ಆ ಕಾರಿನ ಮುಂದೆ ಅಲ್ಲಿನವರದೇ ವಿ8 (ಎಂಟು ಸಿಲಿಂಡರ್ ಎಂಜಿನ್ನಿನ) ಗಾಡಿಗಳ ಆಟ ನಡೆಯುತ್ತಿರಲಿಲ್ಲ. 1993ರಿಂದ 5 ಲೀಟರ್ ವಿ8 ನಿಯಮ ಬಂತು. ಆಮೇಲೆ 2012ರ ತನಕ ಅಲ್ಲಿನ ಮುಖ್ಯ ಪೈಪೋಟಿ ಅಂದರೆ ಫೋರ್ಡ್ ಫಾಲ್ಕನ್ ಮತ್ತು ಹೋಲ್ಡನ್ ಕಮೊಡೋರ್, ಎರಡೇ. ಮನೆ ಮನೆಯಲ್ಲಿ ಪಂಗಡ. ಜನ ಕಿಕ್ಕಿರಿದು ಬಂದರು. ಇದನ್ನು ಇಲ್ಲ ಅನ್ನಲಾಗುವುದಿಲ್ಲ. 2013ರಿಂದ ನಿಸಾನ್, ಮರ್ಸಿಡಿಸ್, ಮರುವರ್ಷ ವೋಲ್ವೊ ಬಂದವು, ಮರ್ಸಿಡಿಸ್ 2015ಕ್ಕೆ, ವೋಲ್ವೊ 2016ಕ್ಕೆ, ನಿಸಾನ್ ಕಂಪನಿ 2018ಕ್ಕೆ ಹೊರಟವು.

ಆದರೆ ಕಥೆ ಅಲ್ಲಿಗೆ ನಿಲ್ಲಿಸಬೇಡಿ. ಫೋರ್ಡ್ 2016ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾರು ತಯಾರಿ ನಿಲ್ಲಿಸಿತು, ಫಾಲ್ಕನ್ ಹೋಯಿತು. ಹೋಲ್ಡನ್ ಕಾರ್ಖಾನೆ 2017ರಲ್ಲಿ ಮುಚ್ಚಿತು, 2020ರಲ್ಲಿ ಆ ಹೆಸರನ್ನೇ ತೆಗೆಯುತ್ತೇವೆ ಅಂತ ಜನರಲ್ ಮೋಟರ್ಸ್ ಹೇಳಿತು. ಎರಡೇ ಕಾಲಿನ ಮೇಲೆ ನಿಂತ ಆಟಕ್ಕೆ ಎರಡೂ ಕಾಲು ಹೋದವು. ಆಮೇಲೆ ಮಸ್ಟಾಂಗ್, ಕಮಾರೊ ಇಟ್ಟುಕೊಂಡು ನಡೆಸಿದರು, 2026ಕ್ಕೆ ಟೊಯೋಟಾ ಸುಪ್ರಾವನ್ನು ಕರೆಸಿಕೊಂಡರು. ಎರಡು ಕಾರಿನ ಪೈಪೋಟಿ ಜನರನ್ನು ಸೆಳೆಯುತ್ತದೆ, ಆದರೆ ಆ ಎರಡಕ್ಕೆ ಏನಾದರೂ ಆದರೆ ಕೈಯಲ್ಲಿ ಬೇರೆ ಏನೂ ಇರುವುದಿಲ್ಲ. ಜಗಳದಲ್ಲಿ ನಿಮ್ಮ ಗೆಳೆಯ ಆಸ್ಟ್ರೇಲಿಯಾ ತೆಗೆದರೆ ಪೂರ್ತಿ ಕಥೆ ಹೇಳಿ.

ಇನ್ನೊಂದು ತಕರಾರು ತೂಕ ಹೇರುವುದರ ಬಗ್ಗೆ. ಗೆದ್ದವನ ಕಾರಿಗೆ ಭಾರ ಹಾಕುವುದು ಅನ್ಯಾಯ ಅಂತ ನಮ್ಮ ಹುಡುಗರು ಕಿರುಚಾಡುತ್ತಾರೆ. ಬಿಟಿಸಿಸಿಯಲ್ಲಿ ಒಂದು ಕಾಲಕ್ಕೆ ಪಾಯಿಂಟ್ ಪಟ್ಟಿಯಲ್ಲಿ ಮುಂದಿದ್ದವನಿಗೆ 75 ಕೆ.ಜಿ. ತನಕ ಹೇರುತ್ತಿದ್ದರು, 2022ರಿಂದ 2024ರ ತನಕ ತೂಕದ ಬದಲು ಹೈಬ್ರಿಡ್ ಶಕ್ತಿಯ, ಅಂದರೆ ಬ್ಯಾಟರಿ ಕೊಡುವ ಹೆಚ್ಚುವರಿ ಶಕ್ತಿಯ, ಬಳಕೆಗೆ ಮಿತಿ ಹಾಕಿದರು. ನನ್ನ ಪ್ರಕಾರ ಬೇರೆ ಬೇರೆ ಕಾರು ಬೇಕು ಅಂದರೆ ಸ್ವಲ್ಪ ಸರಿದೂಗಿಸುವುದನ್ನು ಒಪ್ಪಲೇಬೇಕು. ಅದಿಲ್ಲದಿದ್ದರೆ ಎಲ್ಲ ತಂಡವೂ ಒಂದೇ ವರ್ಷದಲ್ಲಿ ಗೆಲ್ಲುವ ಕಾರನ್ನೇ ಕೊಳ್ಳುತ್ತವೆ, ಉಳಿದ ಮಾಡೆಲ್ ಮಾಯ. ಸರಿದೂಗಿಸುವ ನಿಯಮ ಮೊದಲೇ ಬರೆದಿಟ್ಟಿರಬೇಕು, ಎಲ್ಲರಿಗೂ ಕಾಣುವಂತಿರಬೇಕು, ಅಷ್ಟೇ ನನ್ನ ಷರತ್ತು. 1996ರಲ್ಲಿ ಆಡಿಗೆ ಮಾಡಿದಂತೆ ಸೀಸನ್ ನಡುವೆ ಹೊಸದಾಗಿ ಹೇರಿದರೆ ನೋಡುವವರಿಗೆ ನಂಬಿಕೆ ಹೋಗುತ್ತದೆ.

ಹಿಂದೆ ಇದಕ್ಕೆ ಬೇರೆ ಪರಿಹಾರ ಇತ್ತು, ಕ್ಲಾಸ್ ಪದ್ಧತಿ. ಎಂಜಿನ್ ಗಾತ್ರದ ಪ್ರಕಾರ ಗುಂಪು, ಆದರೆ ಎಲ್ಲರೂ ಒಂದೇ ಟ್ರ್ಯಾಕ್ ಮೇಲೆ ಒಟ್ಟಿಗೆ. 1963ರಲ್ಲಿ 7 ಲೀಟರ್‌ನ ಫೋರ್ಡ್ ಗ್ಯಾಲಕ್ಸಿ ಪಕ್ಕದಲ್ಲಿ ಪುಟ್ಟ ಮಿನಿ ಓಡುತ್ತಿತ್ತು. ತನ್ನ ಗುಂಪಿನಲ್ಲಿ ಗೆಲ್ಲುತ್ತಾ ಹೋದರೆ ಚಿಕ್ಕ ಕಾರಿನವನೂ ಒಟ್ಟಾರೆ ಚಾಂಪಿಯನ್ ಆಗಬಹುದು: 1962ರಲ್ಲಿ ಜಾನ್ ಲವ್ ಮಿನಿಯಲ್ಲಿ, 1989ರಲ್ಲಿ ಜಾನ್ ಕ್ಲೆಲ್ಯಾಂಡ್ ವಾಕ್ಸ್‌ಹಾಲ್ ಆಸ್ಟ್ರಾದಲ್ಲಿ ಹಾಗೇ ಆದರು. ಕಣ್ಣಿಗೆ ಹಬ್ಬ. ಆದರೆ ಮುಂದೆ ಓಡುವವನು ಒಬ್ಬ, ಚಾಂಪಿಯನ್ ಇನ್ನೊಬ್ಬ ಅಂದರೆ ಹೊಸ ನೋಡುಗನಿಗೆ ತಲೆ ಕೆಡುತ್ತದೆ. 1991ರಿಂದ 2 ಲೀಟರ್‌ನ ಒಂದೇ ಗುಂಪು ಮಾಡಿದರು.

ಮುಂದೆ ಬರುವ ಕಷ್ಟ ಶೋರೂಮಿನಿಂದಲೇ ಬರುತ್ತಿದೆ. ನಮ್ಮ ಹೆದ್ದಾರಿ ಪಕ್ಕ ಹತ್ತು ನಿಮಿಷ ನಿಂತರೂ ಸಾಕು, ಎತ್ತರದ ಎಸ್‌ಯುವಿಗಳೇ ಹಾಯುತ್ತವೆ. ಯೂರೋಪಿನಲ್ಲೂ ಅದೇ ಗಾಳಿ. ಫೋರ್ಡ್ ಫೋಕಸ್ ತಯಾರಿ 2025ರಲ್ಲಿ ನಿಂತುಹೋಯಿತು. ಎತ್ತರದ ಗಾಡಿಯ ತೂಕ ಮೇಲಿರುತ್ತದೆ, ತಿರುವಿನಲ್ಲಿ ವಾಲುತ್ತದೆ, ಟೂರಿಂಗ್ ರೇಸ್‌ಗೆ ಹೊಂದುವುದಿಲ್ಲ. ಹೊಸ ಸೆಡಾನ್, ಹ್ಯಾಚ್‌ಬ್ಯಾಕ್ ಕಡಿಮೆಯಾಗುತ್ತಿರುವಾಗ ಸಂಘಟಕರು ಹಳೇ ಮಾಡೆಲ್‌ಗೆ ಜಾಸ್ತಿ ವರ್ಷ ಓಡಲು ಬಿಡಬೇಕು, ಕಂಪನಿ ಒಪ್ಪಿಗೆಗೆ ಕಾಯದೆ ಸ್ವತಂತ್ರ ತಂಡಗಳು ಶೆಲ್ ತಂದು ಕಟ್ಟಲು ಅವಕಾಶ ಕೊಡಬೇಕು. ಹಿಂಚಕ್ರದ ಗಾಡಿಗೆ ಬಾಗಿಲು ಮುಚ್ಚಬಾರದು. ನೀವು ಯಾವುದೇ ಸರಣಿಯ ಹೊಸ ನಿಯಮ ಓದುವಾಗ ಈ ಮೂರು ಇದೆಯಾ ನೋಡಿ.

ನಮ್ಮ ಟ್ರ್ಯಾಕ್‌ಗಳಲ್ಲಿ ಇದನ್ನೇ ಮಾಡಿ

ಪರದೆ ಮೇಲೆ ನೋಡಿದ್ದು ಸಾಕು ಅನಿಸಿದರೆ ಹೊರಡಿ. ದಾವಣಗೆರೆ, ಚಿತ್ರದುರ್ಗದ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 48 ಬೆಂಗಳೂರು ದಾಟಿ ಚೆನ್ನೈಗೆ ಹೋಗುತ್ತದೆ. ಅದೇ ದಾರಿಯಲ್ಲಿ ಶ್ರೀಪೆರಂಬದೂರು ದಾಟಿದ ಮೇಲೆ ಇರುಂಗಾಟುಕೋಟೈ ಸಿಗುತ್ತದೆ, ಅಲ್ಲೇ ಮದ್ರಾಸ್ ರೇಸ್ ಟ್ರ್ಯಾಕ್, 3.7 ಕಿ.ಮೀ. ಸುತ್ತು. ಚೆನ್ನೈ ಊರೊಳಗೆ ಹೋಗುವ ಅಗತ್ಯವಿಲ್ಲ. ಇನ್ನೊಂದು ಕೊಯಮತ್ತೂರಿನ ಕಾರಿ ಮೋಟರ್ ಸ್ಪೀಡ್‌ವೇ, 2.1 ಕಿ.ಮೀ. ರೇಸರ್ ಎಸ್. ಕರಿವರ್ಧನ್ ಅವರ ಹೆಸರಿನದು. ಹೊರಡುವ ಮುಂಚೆ ಆ ವಾರ ಯಾವ ಕ್ಲಾಸ್ ಓಡುತ್ತಿದೆ ಅಂತ ವಿಚಾರಿಸಿಕೊಳ್ಳಿ, ಬೈಕ್ ರೇಸ್ ಇರುವ ವಾರ ಹೋದರೆ ಈ ಲೆಕ್ಕ ಆಗುವುದಿಲ್ಲ.

ನಮ್ಮಲ್ಲಿ ಇಂಡಿಯನ್ ಟೂರಿಂಗ್ ಕಾರ್ಸ್, ಜೂನಿಯರ್ ಟೂರಿಂಗ್ ಕಾರ್ಸ್, ಸೂಪರ್ ಸ್ಟಾಕ್ ಅಂತ ಗುಂಪುಗಳಲ್ಲಿ ಎಸ್ಟೀಮ್, ಹೋಂಡಾ ಸಿಟಿ, ಪೋಲೊ, ಇಟಿಯೋಸ್ ಓಡಿವೆ. ಎಸ್ಟೀಮ್ ನೋಡಿ, ಶೋರೂಮಿನಿಂದ ಹೋದ ಎಷ್ಟೋ ವರ್ಷದ ಮೇಲೂ ಟ್ರ್ಯಾಕ್ ಮೇಲೆ ಇತ್ತು. ಬಿಡಿಭಾಗ ಅಗ್ಗ, ಯಾವ ಮೆಕ್ಯಾನಿಕ್‌ಗೂ ಕೈ ಪಳಗಿದ ಎಂಜಿನ್. ಅದೇ ಸಮಯದಲ್ಲಿ ಒಂದೇ ಕಂಪನಿಯ ಕಪ್‌ಗಳೂ ಬಂದವು. 2010ರಲ್ಲಿ ಶುರುವಾದ ಪೋಲೊ ಕಪ್‌ನಲ್ಲಿ ಎಲ್ಲರಿಗೂ ಒಂದೇ ಕಾರು. ಹೊಸ ಡ್ರೈವರ್ ಯಾರು ಚೆನ್ನಾಗಿದ್ದಾರೆ ಅಂತ ತಿಳಿಯಲು ಅದು ಬಹಳ ಒಳ್ಳೆಯ ದಾರಿ. ಕಾರು ಕಟ್ಟುವ ಕೈಗಳು ಮಾತ್ರ ಅಲ್ಲಿ ಬೆಳೆಯುವುದಿಲ್ಲ, ಏಕೆಂದರೆ ಎಲ್ಲವನ್ನೂ ಕಂಪನಿಯೇ ತಯಾರು ಮಾಡಿ ಕೊಡುತ್ತದೆ.

ಟ್ರ್ಯಾಕ್‌ಗೆ ಹೋದಾಗ ಗ್ಯಾಲರಿಯಲ್ಲೇ ಕೂರಬೇಡಿ. ಒಳಗೆ ಬಿಡುವ ಹೊತ್ತಿನಲ್ಲಿ ಪ್ಯಾಡಾಕ್‌ಗೆ, ಅಂದರೆ ತಂಡಗಳು ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗಕ್ಕೆ, ಹೋಗಿ. ಬಾನೆಟ್ ತೆಗೆದಿರುವ ಕಾರಿನ ಹತ್ತಿರ ನಿಲ್ಲಿ, ಕೆಲಸ ನಡೆಯುತ್ತಿದ್ದರೆ ತೊಂದರೆ ಕೊಡಬೇಡಿ, ಬಿಡುವು ಸಿಕ್ಕಾಗ ಮೆಕ್ಯಾನಿಕ್‌ನ "ಅಣ್ಣ" ಅಂತ ಮಾತಾಡಿಸಿ. ಬೆಂಗಳೂರಿನ ಕಡೆಯವರೂ ಇರುತ್ತಾರೆ, ಕನ್ನಡದಲ್ಲೇ ಮಾತು ನಡೆಯುತ್ತದೆ. ಈ ಕಾರು ನಿಮ್ಮದೇನಾ, ಬಾಡಿಗೆಗೆ ತಂದದ್ದಾ? ಗೇರ್‌ಬಾಕ್ಸ್ ಎಲ್ಲಿಂದ ಬರುತ್ತದೆ, ಹೋದರೆ ಎಷ್ಟು ದಿನ ಕಾಯಬೇಕು? ಪಕ್ಕದ ಪೋಲೊ ನಿಮ್ಮನ್ನು ಯಾವ ತಿರುವಿನಲ್ಲಿ ಹಿಡಿಯುತ್ತದೆ, ನೀವು ಅದನ್ನು ಎಲ್ಲಿ ಬಿಡಿಸಿಕೊಳ್ಳುತ್ತೀರಿ? ಈ ಕೊನೆಯ ಪ್ರಶ್ನೆಗೆ ಅವರು ಕೈ ಎತ್ತಿ ಆ ತಿರುವನ್ನೇ ತೋರಿಸುತ್ತಾರೆ. ಮುಂದಿನ ರೇಸ್‌ಗೆ ನೋಟ್‌ಬುಕ್ ಹಿಡಿದುಕೊಂಡು ಅಲ್ಲೇ ಹೋಗಿ ನಿಲ್ಲಿ.